ಹೆರಿಗೆ ರಜೆಯ ಹಣ ಯಾರ ಜೇಬಿನಿಂದ?

ಸಂಬಳಸಹಿತ ಹೆರಿಗೆ ರಜೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ತಾಯ್ತನದ ಸ್ತುತಿಯಿಂದ ಆರಂಭವಾಗಿ ಮಾಲೀಕರ ಗೊಣಗಾಟದಲ್ಲಿ ಮುಗಿಯುತ್ತದೆ. ಒಂದು ಪಕ್ಷಕ್ಕೆ ಅದು ಪುಣ್ಯಕಾರ್ಯ, ಇನ್ನೊಂದು ಪಕ್ಷಕ್ಕೆ ದಂಡ. ರಜೆ ಎಷ್ಟು ವಾರಗಳಿರಬೇಕೆಂಬ ಪ್ರಶ್ನೆಗೆ ದೊರೆತ ಗಮನ, ಅದರ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ದೊರೆತಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಪ್ರಶ್ನೆಯೇ ಮೂಲಭೂತವಾದುದು. ಇದಕ್ಕೆ ತಕ್ಕ ಉತ್ತರ ಸಿಕ್ಕರೆ ರಜೆಯು ಹೆಣ್ಣನ್ನು ಉದ್ಯೋಗದಲ್ಲಿ ಉಳಿಸುತ್ತದೆ. ಸಿಗದಿದ್ದರೆ ಅದೇ ರಜೆ ಅವಳನ್ನು ಉದ್ಯೋಗದ ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ರಜೆಯನ್ನು ಕೊಟ್ಟಿತ್ತು. 2017ರ ತಿದ್ದುಪಡಿ ಆ ವರ್ಷದ ಏಪ್ರಿಲ್ 1ರಿಂದ ಮೊದಲ ಎರಡು ಮಕ್ಕಳ ಮಟ್ಟಿಗೆ ಅದನ್ನು 26 ವಾರಗಳಿಗೆ ಏರಿಸಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಅಂಗಡಿ, ಕಚೇರಿ, ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ; ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಯಾವ ಮಹಿಳೆಗೂ ಅದರ ಹಕ್ಕುಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹಳೆಯ ಕಾಯಿದೆ ಲೀನವಾಯಿತಾದರೂ 26 ವಾರಗಳ ರಜೆ ಹಾಗೆಯೇ ಉಳಿದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆ ಕೇಳುವುದು ಕನಿಷ್ಠ 14 ವಾರಗಳನ್ನು ಮಾತ್ರ. ಹಾಗಾಗಿ ನಾವು ಬಹಳ ಮುಂದಿದ್ದೇವೆಂದು ಬೀಗಬಹುದು. ಆದರೆ ಅದೇ ಒಡಂಬಡಿಕೆಯಲ್ಲಿ ನಾವು ಸಾಮಾನ್ಯವಾಗಿ ಉಲ್ಲೇಖಿಸದ ಇನ್ನೊಂದು ನಿಯಮವಿದೆ. ರಜೆಯ ವೇತನ ಕಡ್ಡಾಯ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕು, ಅದರ ನೇರ ಹೊಣೆಯನ್ನು ಒಬ್ಬೊಬ್ಬ ಮಾಲೀಕನ ತಲೆಗೆ ಕಟ್ಟಬಾರದು ಎಂಬುದು ಅದರ ತಾತ್ಪರ್ಯ. ವಿಮೆಯ ವ್ಯಾಪ್ತಿಗೆ ಬಾರದ ಕೋಟ್ಯಂತರ ನೌಕರರ ವಿಷಯದಲ್ಲಿ ನಾವು ಮಾಡಿರುವುದು ಇದಕ್ಕೆ ವಿರುದ್ಧವಾದುದನ್ನೇ.

ಇದರ ಪರಿಣಾಮವನ್ನು ತಿಳಿಯಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ, ಸಣ್ಣ ಅಂಕಗಣಿತ ಸಾಕು. ಮುಂಬಯಿಯಲ್ಲೋ ಪುಣೆಯಲ್ಲೋ ನಮ್ಮವರೊಬ್ಬರು ಹತ್ತು ಜನರ ಲೆಕ್ಕಪರಿಶೋಧನಾ ಕಚೇರಿಯನ್ನೋ ಮುದ್ರಣಾಲಯವನ್ನೋ ನಡೆಸುತ್ತಿದ್ದಾರೆನ್ನೋಣ. ತಲೆಗೆ ತಿಂಗಳಿಗೆ 30,000 ರೂಪಾಯಿ. ವರ್ಷದ ವೇತನಪಟ್ಟಿ 36 ಲಕ್ಷ. ಒಬ್ಬಾಕೆ ಹೆರಿಗೆಗೆ ಹೋದರೆ 26 ವಾರಗಳಿಗೆ ಸುಮಾರು 1.8 ಲಕ್ಷ ರೂಪಾಯಿ, ಅಂದರೆ ಆ ವರ್ಷದ ವೇತನಪಟ್ಟಿಯ ಶೇಕಡ 5. (ಬದಲಿ ಸಿಬ್ಬಂದಿಯ ಸಂಬಳವನ್ನೂ ಇದಕ್ಕೆ ಕೂಡಿಸಿ 3.6 ಲಕ್ಷವೆಂದು ಹೇಳುವವರಿದ್ದಾರೆ. ಅದು ತಪ್ಪು ಲೆಕ್ಕ. ಬದಲಿಯವರು ಮಾಡುವ ಕೆಲಸ ಮಾಲೀಕರಿಗೆ ದಕ್ಕುತ್ತದೆ.) ನೂರು ಜನರ ಸಂಸ್ಥೆಯಲ್ಲಿ ವರ್ಷಕ್ಕೆ ಮೂವರು ರಜೆ ಹೋದರೂ ವೆಚ್ಚ ವೇತನಪಟ್ಟಿಯ ಶೇಕಡ ಒಂದೂವರೆಯನ್ನು ಮೀರದು, ಮೇಲಾಗಿ ಅದು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಅಂದಾಜುಪಟ್ಟಿಯಲ್ಲಿ ಮೊದಲೇ ಬರೆದಿಡಬಹುದು. ಹತ್ತು ಜನರ ಕಚೇರಿಗಾದರೋ ಅದು ಎರಡು ವರ್ಷ ಸೊನ್ನೆ, ಮೂರನೆಯ ವರ್ಷ ದಿಢೀರನೆ ಬಂದೆರಗುವ ಹೊರೆ. ದೊಡ್ಡ ಕಂಪನಿ ಅದನ್ನು ಸಂಖ್ಯೆಯೆಂದು ನೋಡುತ್ತದೆ, ಸಣ್ಣ ಮಾಲೀಕ ಅದನ್ನು ಆ ಹುಡುಗಿಯ ಮುಖದಲ್ಲಿ ನೋಡುತ್ತಾನೆ.

ನೋಡಿದವನು ಏನು ಮಾಡುತ್ತಾನೆ? ಕಾನೂನನ್ನು ಮುರಿಯುವುದಿಲ್ಲ; ಅದರ ಅಗತ್ಯವೇ ಅವನಿಗಿಲ್ಲ. ಹೆರಿಗೆ ರಜೆಯಲ್ಲಿರುವವಳನ್ನು ತೆಗೆದುಹಾಕುವುದು ಅಪರಾಧ, ಆದರೆ ಮದುವೆಯಾದ ಹೊಸತರಲ್ಲಿ ಕೆಲಸ ಕೇಳಿಕೊಂಡು ಬಂದವಳನ್ನು ಸೇರಿಸಿಕೊಳ್ಳದಿರುವುದು ಅಪರಾಧವೆಂದು ಸಾಬೀತು ಮಾಡುವವರು ಯಾರು? ನನ್ನ ಪರಿಚಯದ ಒಂದು ಕನ್ನಡ ಕುಟುಂಬದ ಹುಡುಗಿಗೆ ಪುಣೆಯ ಸಂದರ್ಶನವೊಂದರಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಎರಡು ಮದುವೆಯನ್ನು ಕುರಿತವು, ಒಂದು ಅತ್ತೆ ಜೊತೆಗಿರುತ್ತಾರೆಯೇ ಎಂಬುದು. ಕಲಿತ ವಿದ್ಯೆಯ ಬಗ್ಗೆ ಉಳಿದದ್ದು ಒಂದೇ ಪ್ರಶ್ನೆ. 2018ರಲ್ಲಿ ಸಿಬ್ಬಂದಿ ಪೂರೈಸುವ ಸಂಸ್ಥೆಯೊಂದು, ಹೊಸ ತಿದ್ದುಪಡಿಯ ದೆಸೆಯಿಂದ ಹತ್ತು ವಲಯಗಳಲ್ಲಿ 11ರಿಂದ 18 ಲಕ್ಷ ಮಹಿಳೆಯರು ಒಂದೇ ವರ್ಷದಲ್ಲಿ ಕೆಲಸ ಕಳೆದುಕೊಳ್ಳಬಹುದೆಂದು ಅಂದಾಜು ಮಾಡಿತ್ತು. ಅದು ಭವಿಷ್ಯವಾಣಿಯೇ ಹೊರತು ತಲೆಯೆಣಿಕೆಯಲ್ಲ. ನಾನು ಅದನ್ನು ಪ್ರಮಾಣವೆಂದು ಹಿಡಿಯುವುದಿಲ್ಲ. ಆದರೂ ಮಾಲೀಕರ ಮನಸ್ಸು ಎತ್ತ ವಾಲುತ್ತಿದೆಯೆಂಬುದಕ್ಕೆ ಅದು ಗುರುತು. ಸರ್ಕಾರದ ಸಮೀಕ್ಷೆಯ ಪ್ರಕಾರ ದುಡಿಮೆಯಲ್ಲಿ ಪಾಲ್ಗೊಳ್ಳುವ ಮಹಿಳೆಯರ ಪ್ರಮಾಣ 2017-18ರ ಶೇಕಡ 23.3ರಿಂದ 2023-24ಕ್ಕೆ ಶೇಕಡ 41.7ಕ್ಕೆ ಏರಿದೆ. ಸಂತೋಷವೇ. ಆದರೆ ಹಾಗೆ ದುಡಿಯುವವರಲ್ಲಿ ತಿಂಗಳ ಸಂಬಳ ಎಣಿಸುವವರು ಆರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ದುಡಿಯುವವಳಿಗೆ 26 ವಾರವೂ ಇಲ್ಲ, 26 ದಿನವೂ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ರಜೆಯಿಂದ ಮಾಲೀಕರಿಗೆ ಬರಿಯ ನಷ್ಟವೆಂದು ತಿಳಿಯಬಾರದು. ನುರಿತ ನೌಕರಳೊಬ್ಬಳು ಬಿಟ್ಟುಹೋದಾಗ ಆಗುವ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ. ಹೊಸಬರನ್ನು ಹುಡುಕಬೇಕು, ಕಲಿಸಬೇಕು, ಅವರು ಮಾಡುವ ತಪ್ಪುಗಳನ್ನು ತಿದ್ದಬೇಕು, ಹಳಬಳನ್ನೇ ಕೇಳಿಕೊಂಡು ಬರುತ್ತಿದ್ದ ಗಿರಾಕಿಯನ್ನು ಸಮಾಧಾನಪಡಿಸಬೇಕು. ಗೂಗಲ್ ಸಂಸ್ಥೆ 2007ರಲ್ಲಿ ಹೆರಿಗೆ ರಜೆಯನ್ನು 12 ವಾರಗಳಿಂದ 18 ವಾರಗಳಿಗೆ ಏರಿಸಿದ ಮೇಲೆ, ಹೆತ್ತ ತಾಯಂದಿರು ಕೆಲಸ ಬಿಡುವ ಪ್ರಮಾಣ ಅರ್ಧಕ್ಕೆ ಇಳಿಯಿತೆಂದು ಅದರ ಹಿರಿಯ ಅಧಿಕಾರಿ ಸೂಸನ್ ವೊಯಿಚಿಟ್ಸ್ಕಿ ಬರೆದಿದ್ದರು. ಅಷ್ಟು ಹಣವಂತ ಸಂಸ್ಥೆಯ ಮಾತು ನಮಗೇಕೆ ಎನ್ನಬಹುದು, ಒಪ್ಪುತ್ತೇನೆ. ಆದ್ದರಿಂದಲೇ ಕ್ಯಾಲಿಫೋರ್ನಿಯಾದ ನಿದರ್ಶನ ಹೆಚ್ಚು ಉಪಯುಕ್ತ. ಅಲ್ಲಿ 2004ರಿಂದ ಸಂಬಳಸಹಿತ ಕುಟುಂಬ ರಜೆ ಜಾರಿಯಲ್ಲಿದೆ, ಅದರ ಹಣ ನೌಕರರ ಸಂಬಳದಿಂದ ಕಡಿತವಾಗುವ ವಿಮಾ ವಂತಿಗೆಯಿಂದ ಬರುತ್ತದೆ. 2011ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮಾಲೀಕರು, ತಮ್ಮ ಉತ್ಪಾದನೆಯ ಮೇಲಾಗಲಿ ಲಾಭದ ಮೇಲಾಗಲಿ ರಜೆಯಿಂದ ಕೆಟ್ಟ ಪರಿಣಾಮವಾಗಿಲ್ಲವೆಂದರು. ಡೆನ್ಮಾರ್ಕಿನ ಸಣ್ಣ ಸಂಸ್ಥೆಗಳನ್ನು ಕುರಿತ ಸಂಶೋಧನೆಯೂ ಇಂಥದೇ ತೀರ್ಮಾನಕ್ಕೆ ಬಂದಿದೆ. ಅಲ್ಲಿಯೂ ರಜೆಯ ವೇತನದ ಬಹುಪಾಲು ಮಾಲೀಕನಿಗೆ ಹೊರಗಿನಿಂದ ಭರ್ತಿಯಾಗುತ್ತದೆ. ಹೊಂದಿಸಿಕೊಳ್ಳುವ ತೊಂದರೆ ಬೇರೆ, ಹಣ ತೆರುವ ತೊಂದರೆ ಬೇರೆ. ಮೊದಲನೆಯದನ್ನು ಮಾಲೀಕರು ಸಹಿಸಬಲ್ಲರು.

ನಾನು ಕೇಂದ್ರ ಸರ್ಕಾರದ ಸೇವೆಯಲ್ಲಿ ಮೂವತ್ತು ವರ್ಷ ಕಳೆದವಳು. 1996ರಲ್ಲಿ ನನ್ನ ಮೊದಲ ಮಗು ಹುಟ್ಟಿದಾಗ ರಜೆ 90 ದಿನ. ಐದನೆಯ ವೇತನ ಆಯೋಗದ ನಂತರ, 1999ರಲ್ಲಿ ಎರಡನೆಯದಕ್ಕೆ 135 ದಿನ. 2008ರಲ್ಲಿ ಅದು 180 ದಿನವಾಯಿತು. ಜೊತೆಗೆ ಮಕ್ಕಳು ಹದಿನೆಂಟು ತುಂಬುವವರೆಗೆ ಒಟ್ಟು 730 ದಿನಗಳ ಶಿಶುಪಾಲನಾ ರಜೆ. ಹೊರನಾಡಿನಲ್ಲಿ ಬಾಣಂತನವೆಂದರೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ತವರು ಐನೂರು ಮೈಲಿಯಾಚೆ. ಅಮ್ಮ ಧಾರವಾಡದಿಂದ ಅಂಟಿನುಂಡೆ, ಬಜೆಬೇರು ಕಟ್ಟಿಕೊಂಡು ಬಂದು ಎರಡು ಕೋಣೆಯ ಮನೆಯಲ್ಲಿ ಮೂರು ತಿಂಗಳಿದ್ದು, ಅಲ್ಲಿ ಒಬ್ಬರೇ ಇರುವ ಅಪ್ಪನ ಊಟದ ಚಿಂತೆಯಲ್ಲಿ ಹಿಂತಿರುಗುತ್ತಾಳೆ. ಅವಳು ರೈಲು ಹತ್ತಿದ ಮರುದಿನದಿಂದಲೇ ನಿಜವಾದ ಪರೀಕ್ಷೆ. ನಮ್ಮ ಪೀಳಿಗೆಯ ಎಷ್ಟೋ ವಿದ್ಯಾವಂತ ಹೆಣ್ಣುಮಕ್ಕಳು ಬ್ಯಾಂಕು, ಶಾಲೆ, ಖಾಸಗಿ ಕಚೇರಿಗಳನ್ನು ಬಿಟ್ಟದ್ದು ಮಗು ಹುಟ್ಟಿದಾಗಲ್ಲ, ಅಜ್ಜಿ ಊರಿಗೆ ಹಿಂತಿರುಗಿದಾಗ.

ಸರ್ಕಾರಿ ಕಚೇರಿಗಳಲ್ಲಿ ಹಾಗೆ ಬಿಟ್ಟವರು ಅಪರೂಪ. ನಿವೃತ್ತಿವೇತನ ಮತ್ತು ಉದ್ಯೋಗಭದ್ರತೆ ಅದಕ್ಕೆ ದೊಡ್ಡ ಕಾರಣ, ರಜೆಯೊಂದೇ ಅಲ್ಲ. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಷ್ಟು ಉದಾರವಾದ ರಜೆಯಿದ್ದೂ ಸರ್ಕಾರ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿದಿಲ್ಲ. ಏಕೆಂದರೆ ಆಯ್ಕೆ ಮಾಡುವ ಆಯೋಗ ಬೇರೆ, ಕೆಲಸ ತೆಗೆದುಕೊಳ್ಳುವ ಅಧಿಕಾರಿ ಬೇರೆ, ರಜೆಯ ಹಣ ಕೊಡುವ ಬೊಕ್ಕಸ ಬೇರೆ. ಆರಿಸುವವನ ಜೇಬಿಗೂ ಆರಿಸಿದವಳ ಗರ್ಭಕ್ಕೂ ಸಂಬಂಧವಿಲ್ಲ. ಖಾಸಗಿ ವಲಯದಲ್ಲಿ ಈ ಮೂವರೂ ಒಬ್ಬನೇ. ವ್ಯತ್ಯಾಸವಿರುವುದು ಮಾಲೀಕನ ಒಳ್ಳೆಯತನದಲ್ಲಲ್ಲ, ಏರ್ಪಾಟಿನಲ್ಲಿ.

ಸರ್ಕಾರದ ಮನೆಯೂ ಹಾಗೆಂದು ನಿಷ್ಕಳಂಕವಲ್ಲ. ನಮ್ಮಲ್ಲಿ ರಜೆ ಮಂಜೂರಾಗುತ್ತದೆ, ಬದಲಿಯವರು ಬರುವುದಿಲ್ಲ. ಕಡತಗಳು ಪಕ್ಕದ ಮೇಜಿಗೆ ಸರಿಯುತ್ತವೆ. ಹೊರೆ ಹೊತ್ತವರು, ಅನೇಕ ವೇಳೆ ಮದುವೆಯಾಗದ ಅಥವಾ ಮಕ್ಕಳು ದೊಡ್ಡವರಾದ ಮಹಿಳೆಯರೇ, ಒಳಗೊಳಗೇ ಕುದಿಯುತ್ತಾರೆ. ಅದಕ್ಕಿಂತ ಗಂಭೀರವಾದುದು ಗುತ್ತಿಗೆಯ ವಿಚಾರ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಕಾಯಂ ಸಹಾಯಕಿ ಮತ್ತು ಗುತ್ತಿಗೆಯ ಡಾಟಾ ಎಂಟ್ರಿ ಹುಡುಗಿ ಒಂದೇ ಗೋಡೆಗೆ ಒರಗಿದ ಎರಡು ಮೇಜುಗಳಲ್ಲಿದ್ದರು, ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಗರ್ಭಿಣಿಯರು. ಮೊದಲನೆಯವಳಿಗೆ ಆರು ತಿಂಗಳ ಪೂರ್ಣ ಸಂಬಳ, ಮುಂದೆ ಶಿಶುಪಾಲನಾ ರಜೆ. ಎರಡನೆಯವಳ ಜಾಗಕ್ಕೆ ಐದನೆಯ ತಿಂಗಳಲ್ಲಿ ಗುತ್ತಿಗೆದಾರನು ಬೇರೊಬ್ಬ ಹುಡುಗನನ್ನು ಕಳುಹಿಸಿದ. ನಾನು ಕಾರಣ ಕೇಳಿ ಪತ್ರ ಬರೆದೆ. ಆಕೆಯೇ ಬಿಟ್ಟಳೆಂದು ಉತ್ತರ ಬಂತು, ಆಕೆಯ ಸಹಿಯೊಡನೆ. ಮಸ್ಟರ್ ರೋಲಿನ ಮಹಿಳೆಯರಿಗೂ ಈ ಸೌಲಭ್ಯ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ದೆಹಲಿ ಮಹಾನಗರಪಾಲಿಕೆಗೆ 2000ದಲ್ಲೇ ಹೇಳಿತ್ತು. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆಯ ಸೌಲಭ್ಯ ಮುಗಿಯುವುದಿಲ್ಲವೆಂದು 2023ರಲ್ಲಿ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಮತ್ತೆ ಹೇಳಿತು. ತೀರ್ಪುಗಳು ನ್ಯಾಯಾಲಯದ ಮೆಟ್ಟಿಲೇರಿದವರಿಗೆ ಸಿಗುತ್ತವೆ. ಮೆಟ್ಟಿಲೇರದವರಿಗೆ ಸಿಗುವುದು ರಾಜೀನಾಮೆಯ ನಮೂನೆ.

ಹಾಗಾದರೆ ದಾರಿ ಯಾವುದು? ಆಶ್ಚರ್ಯವೆಂದರೆ ಅದು ನಮ್ಮಲ್ಲೇ, ಸುಮಾರು ನೂರು ವರ್ಷದ ಹಿಂದೆಯೇ ಸೂಚಿತವಾಗಿತ್ತು. ಮುಂಬಯಿ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಸೌಲಭ್ಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ಹೆರಿಗೆಯ ಹಿಂದುಮುಂದಿನ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವಾದ್ದರಿಂದ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಆದರೆ ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪೂರ್ತಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ವಾದ. 1929ರಲ್ಲಿ ಕಾಯಿದೆಯೇನೋ ಬಂತು, ಆದರೆ ಹೊಣೆ ಗಿರಣಿ ಮಾಲೀಕನ ಮೇಲೆಯೇ ಉಳಿಯಿತು. ಮುಂದಿನ ದಶಕಗಳಲ್ಲಿ ಮುಂಬಯಿಯ ಹತ್ತಿ ಗಿರಣಿಗಳಿಂದ ಹೆಣ್ಣಾಳುಗಳು ಕ್ರಮೇಣ ಮರೆಯಾದರು. ಹೊಸ ಯಂತ್ರಗಳು, ರಾತ್ರಿಪಾಳಿಯ ನಿಷೇಧ, ಹೀಗೆ ಅದಕ್ಕೆ ಕಾರಣಗಳು ಹಲವಿದ್ದವು. ಹೆಣ್ಣಾಳು ದುಬಾರಿಯೆಂಬ ಮಾಲೀಕರ ಎಣಿಕೆಯೂ ಅವುಗಳಲ್ಲಿ ಒಂದು.

ಪ್ರೊಫೆಸರ್ ಬಿ. ಪಿ. ಅಡಾರಕರ್ ಅವರು 1944ರಲ್ಲಿ ಸಿದ್ಧಪಡಿಸಿದ ವರದಿಯ ತಳಹದಿಯ ಮೇಲೆ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವೆಲ್ಲ ಇ.ಎಸ್.ಐ. ಎನ್ನುವುದು, ರೂಪುಗೊಂಡಿತು. ಇದರಲ್ಲಿ 2019ರ ಜುಲೈಯಿಂದ ಮಾಲೀಕನ ವಂತಿಗೆ ಸಂಬಳದ ಶೇಕಡ 3.25, ನೌಕರನದು ಶೇಕಡ 0.75. ಗಂಡಾಗಲಿ ಹೆಣ್ಣಾಗಲಿ ವಂತಿಗೆ ಒಂದೇ. ಹೆರಿಗೆಯಾದಾಗ 26 ವಾರಗಳ ವೇತನವನ್ನು ವಿಮಾ ನಿಗಮ ಕೊಡುತ್ತದೆ, ಮಾಲೀಕನಲ್ಲ. ಹೆಣ್ಣನ್ನು ಬಿಟ್ಟು ಗಂಡನ್ನು ಸೇರಿಸಿಕೊಂಡರೆ ಮಾಲೀಕನಿಗೆ ಈ ಬಾಬಿನಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ನಮಗೆ ಬೇಕಾದ ಏರ್ಪಾಟು ಇದೇ. ಆದರೆ 2017ರ ಜನವರಿಯಲ್ಲಿ ಜಾರಿಗೆ ಬಂದ ಮಿತಿಯ ಪ್ರಕಾರ ಅದರ ರಕ್ಷಣೆ 21,000 ರೂಪಾಯಿವರೆಗಿನ ಮಾಸಿಕ ವೇತನದವರಿಗೆ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧ ಉಡುಪು ಹೊಲಿಯುವವಳು ಈ ಮಿತಿಯೊಳಗಿದ್ದರೆ ಅವಳ ಹೆರಿಗೆಯ ವೆಚ್ಚ ದೇಶದ ಲಕ್ಷಾಂತರ ಮಾಲೀಕರಲ್ಲಿ ಹಂಚಿಹೋಗುತ್ತದೆ. ಅದೇ ಕಾರ್ಖಾನೆಯ ಲೆಕ್ಕವಿಭಾಗದಲ್ಲಿ 25,000 ರೂಪಾಯಿ ಪಡೆಯುವವಳ ವೆಚ್ಚ ಒಬ್ಬನ ತಲೆಗೆ ಕಟ್ಟಿರುತ್ತದೆ. ಸಂಬಳ ಏರಿದಂತೆ ಹೆಣ್ಣು ಮಾಲೀಕನಿಗೆ ಅಪಾಯಕಾರಿಯಾಗುವ ಈ ವಿಚಿತ್ರವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ, ತೇಪೆ ಹಾಕುತ್ತ ಹೋದ ಕಾಯಿದೆಗಳಲ್ಲಿ ಅದು ತಾನಾಗಿ ಉಳಿದುಹೋಗಿದೆ.

ಸರ್ಕಾರಕ್ಕೆ ಇದರ ಅರಿವಿಲ್ಲವೆನ್ನಲಾಗದು. 2018ರ ನವೆಂಬರಿನಲ್ಲಿ ಕಾರ್ಮಿಕ ಸಚಿವಾಲಯ, 15,000 ರೂಪಾಯಿವರೆಗಿನ ವೇತನದ ಮಹಿಳೆಯರಿಗೆ 26 ವಾರಗಳ ರಜೆ ಕೊಡುವ ಮಾಲೀಕರಿಗೆ ಏಳು ವಾರಗಳ ವೇತನವನ್ನು ಮರಳಿಸುವ ಪ್ರಸ್ತಾವವನ್ನು ಪ್ರಕಟಿಸಿತು. ಸುಮಾರು 400 ಕೋಟಿ ರೂಪಾಯಿ ವೆಚ್ಚದ ಅಂದಾಜನ್ನೂ ಹೇಳಿತು. ಹಣಕಾಸಿನ ಒಪ್ಪಿಗೆಗಳು ಇನ್ನೂ ಬಾಕಿಯಿವೆಯೆಂಬ ಸ್ಪಷ್ಟೀಕರಣವೂ ಬೆನ್ನಿಗೇ ಬಂತು. ಕಡತದ ಭಾಷೆ ಬಲ್ಲವರಿಗೆ ಅದರ ಅರ್ಥ ತಿಳಿಯುತ್ತದೆ.

ಅಂಥ ಬಿಡಿ ಪರಿಹಾರಗಳ ಬದಲು ಹೆರಿಗೆಯ ಮಟ್ಟಿಗಾದರೂ ಇ.ಎಸ್.ಐ.ನ ವೇತನಮಿತಿಯನ್ನು ತೆಗೆದುಹಾಕಿ, ಎಲ್ಲ ಮಾಲೀಕರಿಂದ ಎಲ್ಲ ನೌಕರರ ಲೆಕ್ಕದಲ್ಲಿ ಸಣ್ಣ ವಂತಿಗೆಯನ್ನು ಪಡೆದು, ಬೊಕ್ಕಸವೂ ತನ್ನ ಪಾಲು ಹಾಕಿ ಪ್ರತ್ಯೇಕ ನಿಧಿಯೊಂದನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ನೂರು ಜನರ ಲೆಕ್ಕವನ್ನೇ ಹಿಡಿದರೂ ವೆಚ್ಚ ವೇತನದ ಶೇಕಡ ಒಂದೂವರೆ. ಹೆಣ್ಣುಮಕ್ಕಳೇ ಇಲ್ಲದ ಸಂಸ್ಥೆಗಳು ತಾವೇಕೆ ಕೊಡಬೇಕೆಂದು ತಕರಾರು ತೆಗೆದಾವು. ಅವರ ಗಂಡಸು ನೌಕರರೂ ತಂದೆಯರಾಗುತ್ತಾರೆ, ಆ ಮಕ್ಕಳನ್ನು ಹೆತ್ತವಳು ಬೇರಾವುದೋ ಸಂಸ್ಥೆಯ ಖರ್ಚಿನಲ್ಲಿ ರಜೆಯಲ್ಲಿರುತ್ತಾಳೆ ಎಂಬುದೇ ಅದಕ್ಕೆ ಉತ್ತರ. ತಂದೆಯ ರಜೆಯ ಮಾತು ಇಲ್ಲೇ ಬರುತ್ತದೆ. ಕೇಂದ್ರ ಸರ್ಕಾರದಲ್ಲಿ 1997ರಿಂದ 15 ದಿನ ಉಂಟು. ಖಾಸಗಿ ನೌಕರನಿಗೆ ಕಾನೂನಿನ ಹಕ್ಕಿಲ್ಲ. 2000ದ ಕಾಯಿದೆಯಿಂದ ಐಸ್‌ಲೆಂಡ್ ತಾಯಿಗೆ ಮೂರು ತಿಂಗಳು, ತಂದೆಗೆ ಮೂರು ತಿಂಗಳು, ಇಬ್ಬರಲ್ಲಿ ಯಾರಾದರೂ ಬಳಸಲು ಮೂರು ತಿಂಗಳು ಎಂದು ಹಂಚಿತು. ಗಂಡಸು ನೌಕರನೂ ಮಗುವಿಗಾಗಿ ರಜೆ ಹೋಗಬಲ್ಲನೆಂದಾದರೆ ಸಂದರ್ಶನದ ಆ ಎರಡು ಪ್ರಶ್ನೆಗಳಿಗೆ ಅರ್ಥವೇ ಉಳಿಯುವುದಿಲ್ಲ.

ಇಷ್ಟೆಲ್ಲ ಆದರೂ ಇಪ್ಪತ್ತೇಳನೆಯ ವಾರದ ಪ್ರಶ್ನೆ ಉಳಿದೇ ಇರುತ್ತದೆ. ರಜೆ ಮುಗಿದ ಮೇಲೆ ಮಗು ಎಲ್ಲಿ? 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಬಿಡಬೇಕು ಎಂದು ಕಾನೂನು ಹೇಳುತ್ತದೆ. ಸಣ್ಣ ಕಚೇರಿಗಳಿಗೆ ಆ ನಿರ್ಬಂಧವಿಲ್ಲ. ಕರ್ನಾಟಕ ಸರ್ಕಾರ 2023ರಿಂದ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಿದೆ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಉದ್ದೇಶಿಸಿದ ಯೋಜನೆಯದು. ನಗರದ ಗುಮಾಸ್ತೆಗೆ, ಶಿಕ್ಷಕಿಗೆ, ಹೊರನಾಡಿನ ಸಾಫ್ಟ್‌ವೇರ್ ಹುಡುಗಿಗೆ ಅಂಥದೊಂದು ಮನೆ ಇಲ್ಲ.

ಈ ವಿಷಯದಲ್ಲಿ ದೆಹಲಿಯ ಕಡೆ ಮುಖಮಾಡಿ ಕೂರಬೇಕಿಲ್ಲ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರವನ್ನು ಹಲವು ಸಂಸ್ಥೆಗಳು ಕೂಡಿ ಬಳಸಿಕೊಳ್ಳಬಹುದೆಂದು ಹೊಸ ಸಂಹಿತೆಯೇ ಅವಕಾಶ ಕೊಟ್ಟಿದೆ. ನಮ್ಮ ಸಂಘದ ಸಭಾಗೃಹದ ಕೆಳ ಅಂತಸ್ತು ನಾಟಕದ ತಾಲೀಮು, ರಾಜ್ಯೋತ್ಸವ, ಶನಿವಾರ ಭಾನುವಾರಗಳ ಸಮಾರಂಭಗಳನ್ನು ಬಿಟ್ಟರೆ ವಾರದ ಐದು ದಿನ ಬೀಗ ಹಾಕಿಯೇ ಇರುತ್ತದೆ. ಸುತ್ತಲಿನ ಅರ್ಧ ಮೈಲಿಯಲ್ಲಿ ನಮ್ಮವರದೇ ಹೋಟೆಲುಗಳು, ಪತ್ತಿನ ಸಂಘ, ಎರಡು ಶಾಲೆಗಳು, ಮುದ್ರಣಾಲಯಗಳು ಇವೆ. ಯಾವುದರಲ್ಲಿಯೂ ಐವತ್ತು ಮಂದಿಯಿಲ್ಲ, ಎಲ್ಲದರಲ್ಲಿಯೂ ಹೆಣ್ಣುಮಕ್ಕಳಿದ್ದಾರೆ. ಹದಿನೈದು ಮಕ್ಕಳಿಗೆ ಸಾಕಾಗುವ ಜಾಗ, ತರಬೇತಿ ಪಡೆದ ಒಬ್ಬ ಮೇಲ್ವಿಚಾರಕಿ, ಇಬ್ಬರು ಆಯಾಗಳು, ಹಾಲು ಕಾಯಿಸಲು ಒಂದು ಒಲೆ ಇಷ್ಟಿದ್ದರೆ ಆರಂಭಿಸಬಹುದು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಪ್ರತಿ ಸಾಮಾನ್ಯ ಸಭೆಯಲ್ಲಿಯೂ ಕೊರಗುವ ನಮ್ಮ ಹಿರಿಯ ಸದಸ್ಯೆಯರು ಸರದಿಯಂತೆ ಒಂದೆರಡು ಗಂಟೆ ಬಂದು ಕುಳಿತರೆ ಆ ಕೊರಗಿಗೂ ಒಂದು ಕೆಲಸ ಸಿಕ್ಕೀತು. ಕಟ್ಟಡದ ಅಗ್ನಿಸುರಕ್ಷೆಯ ಪರವಾನಗಿ ಮತ್ತು ಮಾಸಿಕ ಖರ್ಚಿನ ಹಂಚಿಕೆಯ ಬಗ್ಗೆ ಎರಡು ಪುಟಗಳ ಟಿಪ್ಪಣಿಯನ್ನು ಕಾರ್ಯಕಾರಿ ಸಮಿತಿಗೆ ಕಳುಹಿಸಿದ್ದೇನೆ. ಅದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ಇತರ ವಿಷಯಗಳು’ ಎಂಬ ಶೀರ್ಷಿಕೆಯಡಿ ಸೇರದೆ, ಆಯವ್ಯಯದ ಚರ್ಚೆಯ ಜೊತೆಗೇ ಬರಲೆಂದು ಕಾರ್ಯದರ್ಶಿಗಳನ್ನು ಕೋರುತ್ತೇನೆ.